ಬಿಟ್ಟಿ ಲೈಸೆನ್ಸೂ ನನ್ನ ಕೊನೆಯ ಹೆಸರೂ

ಬಿಟ್ಟಿ ಸಿಕ್ಕಿದ್ದನ್ನು ಬೇಡವೆನ್ನುವ ದೊಡ್ಡ ಮನಸ್ಸನ್ನು ದೇವರು ನನಗೆ ಕೊಟ್ಟಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸೊಪ್ಪಿನವಳು ಕಟ್ಟಿನ ಮೇಲೆ ಇಡುವ ನಾಲ್ಕು ಎಳೆ ಕೊತ್ತಂಬರಿ, ಹೂವಿನವಳು ಮೊಳ ಅಳೆದಾದ ಮೇಲೆ ಬಿಡುವ ಒಂದು ಗೇಣು ಕೊಸರು, ಟೀಪುಡಿ ಪೊಟ್ಟಣದೊಳಗೆ ಅಡಗಿ ಕೂತ ಪ್ಲಾಸ್ಟಿಕ್ ಚಮಚ, ಇವೆಲ್ಲ ನನ್ನ ಪಾಲಿಗೆ ಭಗವಂತನ ಸಣ್ಣ ಸಣ್ಣ ದಯೆಗಳು. ಸಂಜೆ ದೀಪ ಹಚ್ಚುವಾಗ ಆ ದಿನದ ದಯೆಗಳನ್ನು ಒಂದೊಂದಾಗಿ ಹೇಳಿಕೊಳ್ಳುವುದು ನನ್ನ ಅಭ್ಯಾಸ. ದೊಡ್ಡ ದಯೆ ವರ್ಷಕ್ಕೆ ಒಂದೋ ಎರಡೋ. ಅದನ್ನೇ ನೆಚ್ಚಿಕೊಂಡರೆ ಉಳಿದ ಸಂಜೆಗಳೆಲ್ಲ ದೇವರ ಮುಂದೆ ಮಾತಿಲ್ಲದೆ ನಿಲ್ಲಬೇಕಾಗುತ್ತದೆ. ಆದರೆ ಇಷ್ಟು ವರ್ಷದಲ್ಲಿ ನನಗೆ ಬಿಟ್ಟಿ ಕೊಟ್ಟವರು ಯಾರೂ "ನಿನ್ನ ಹೆಸರೇನಮ್ಮ" ಎಂದು ಕೇಳಿರಲಿಲ್ಲ. ಕೊತ್ತಂಬರಿಗೆ ಹೆಸರು ಬೇಕಾಗಿಲ್ಲ. ಹೆಸರು ಕೇಳಿ ಕೊಟ್ಟ ಮೊದಲನೆಯ ದಾನ ನನ್ನನ್ನು ಎಷ್ಟು ಸತಾಯಿಸಿತೆಂದು ಹೇಳಲು ಕೂತಿದ್ದೇನೆ.

ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಹೆಂಗಸರದೊಂದು ಸಮಾಜವಿದೆ. ಶುಕ್ರವಾರ ದೇವಸ್ಥಾನದಲ್ಲಿ ಭಜನೆ, ಉಳಿದ ದಿನ ಹೊಲಿಗೆ ಪಾಠ. ಎಪ್ಪತ್ತು ದಾಟಿದ ಪುಟ್ಟತಾಯಮ್ಮನವರು ಅಧ್ಯಕ್ಷರು. ನಾನು ಕಾರ್ಯದರ್ಶಿ, ನೋಂದಣಿ ಮಾಡಿಸಿದ ದಿನ ಪೆನ್ನು ನನ್ನ ಚೀಲದಲ್ಲಿತ್ತು, ಅದಕ್ಕಿಂತ ಹೆಚ್ಚಿನ ಅರ್ಹತೆಯೇನೂ ಇಲ್ಲ. ಬಿಡದಿ ಕಡೆಗೆ ಕಾರ್ಖಾನೆಗಳು ಒಂದರ ಬೆನ್ನಿಗೊಂದು ಎದ್ದ ಮೇಲೆ ಹೊಲಿಗೆ ಕಲಿತ ಹುಡುಗಿಯರೆಲ್ಲ ಗಾರ್ಮೆಂಟ್ಸಿನ ಬಸ್ಸು ಹತ್ತಿದರು. ಉಳಿದವರು ಕಂಪ್ಯೂಟರ್ ಹೇಳಿಕೊಡಿ ಎಂದು ಕೂತರು. ಅದೇ ಸಮಯಕ್ಕೆ ಒಂದು ಕಾರ್ಖಾನೆಯವರು ತಮಗೆ ಹೊಸ ಕಂಪ್ಯೂಟರ್ ತರಿಸಿಕೊಂಡು ಹಳೆಯ ನಾಲ್ಕನ್ನು ನಮಗೆ ಕೊಟ್ಟರು. ಇಡಲು ಬೇರೆ ಜಾಗವಿಲ್ಲದೆ ನಮ್ಮ ಮನೆಯ ಪಡಸಾಲೆಯಲ್ಲೇ ಇಡಿಸಿದೆ. ಅಲ್ಲಿದ್ದ ಆರಾಮ ಕುರ್ಚಿ ಜಗಲಿಗೆ ಹೋಯಿತು. ಅದರ ಹಿಂದೆ ನಮ್ಮ ಯಜಮಾನರೂ ಹೋದರು. ಅವರು ಕನಕಪುರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ದಿನಾ ಎರಡು ಹೊತ್ತು ಬಸ್ಸಿನಲ್ಲಿ ನಿಂತು ಬರುವವರಾದ್ದರಿಂದ ಕೂರಲು ಎಲ್ಲಿ ಕೊಟ್ಟರೂ ಜಗಳವಿಲ್ಲ.

ಪಾಠ ಹೇಳಲು ಶಮೀಮ್ ಬಂದಳು. ಅವಳ ಮನೆಯವರು ತಲೆಮಾರುಗಳಿಂದ ಮರದ ಗೊಂಬೆ ಕಡೆಯುವವರು. ಇವಳು ಮಾತ್ರ ಮದುವೆಗೆ ಮುಂಚೆ ಕಂಪ್ಯೂಟರ್ ಕಲಿತು, ಮೂರು ಮಕ್ಕಳನ್ನು ಶಾಲೆಗೆ ಸೇರಿಸಿಯಾದ ಮೇಲೆ ಆ ವಿದ್ಯೆಯನ್ನು ಮತ್ತೆ ಹೊರಗೆ ತೆಗೆದಿದ್ದಳು. ಕಲಿಯುವವರು ಆರು ಹುಡುಗಿಯರು. ಅವರಲ್ಲಿ ಹೊಂಗನೂರಿನ ಸೌಭಾಗ್ಯಳ ಮೇಲೆ ನನಗೆ ಒಂದು ಕಣ್ಣು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಅವಳಿಗೆ ರೇಷ್ಮೆ ನೂಲು ಬಿಚ್ಚುವ ಕೆಲಸ. ಕುದಿಯುವ ನೀರಿನ ಬೋಗುಣಿಗೆ ಕೈಹಾಕಿ ಗೂಡಿನ ಎಳೆ ಹುಡುಕಿ ಕೊಡಬೇಕು. ನಮ್ಮಲ್ಲಿಗೆ ಬರುವಾಗ ಬೆರಳ ತುದಿಗಳು ಬೆಂದು, ಬಿಳುಚಿ, ನೆನೆಹಾಕಿದ ಬಾದಾಮಿಯ ಹಾಗೆ ಸುಕ್ಕಾಗಿರುತ್ತಿದ್ದವು. "ಒಣಗ್ದ ಕೈಲಿ ಮಾಡೋ ಕೆಲ್ಸ ಒಂದು ಸಿಕ್ಬುಟ್ರೆ ಸಾಕು ಕಣಮ್ಮ, ಅದೆಂಥಾದ್ದಾದ್ರೂ ಆಗ್ಲಿ" ಎನ್ನುತ್ತಿದ್ದಳು. ಕಂಪ್ಯೂಟರ್ ಕೊಟ್ಟ ಕಾರ್ಖಾನೆಯವರು ತಮ್ಮ ಸ್ಟೋರಿನಲ್ಲಿ ಸಾಮಾನಿನ ಪಟ್ಟಿ ಬರೆಯಲು ನಮ್ಮ ಹುಡುಗಿಯರಿಗೇ ಪರೀಕ್ಷೆ ಇಟ್ಟು ತೆಗೆದುಕೊಳ್ಳುತ್ತೇವೆಂದು ಹೇಳಿದ್ದರು. ಆ ಮಾತನ್ನು ಸೌಭಾಗ್ಯ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಹೀಗಿರುವಾಗ ಕಾರ್ಖಾನೆಯ ಒಬ್ಬ ಅಧಿಕಾರಿ ಯಂತ್ರಗಳು ಹೇಗಿವೆ ಎಂದು ನೋಡಲು ಬಂದರು. ಕಾಫಿ ಕುಡಿದರು. ಒಂದೆರಡು ಗುಂಡಿ ಒತ್ತಿದರು. ಅವರ ಮುಖ ಕಾಫಿಗೆ ಮುಂಚೆ ಇದ್ದ ಹಾಗಿರಲಿಲ್ಲ. "ಇದರೊಳಗೆ ಸಾಫ್ಟ್‌ವೇರ್ ಹಾಕಿದ್ದು ಯಾರಮ್ಮ?" ಎಂದರು. ಪೇಟೆಯ ಅಂಗಡಿಯವರು ಹಾಕಿದರು, ಪುಣ್ಯಾತ್ಮರು ಸೀಡಿಗೆಂದು ಏನೂ ಕೇಳಲಿಲ್ಲ ಎಂದೆ. "ಕೇಳಲ್ಲ ಬಿಡಿ, ಅದು ಕಳ್ಳ ಪ್ರತಿ" ಎಂದರು. ಆಯುಧಪೂಜೆಯ ದಿನ ಆ ನಾಲ್ಕಕ್ಕೂ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ, ಮಂಗಳಾರತಿ ಎತ್ತಿದವಳು ನಾನು. ಕದ್ದ ಮಾಲಿಗೆ ಆರತಿ ಎತ್ತಿದ್ದಕ್ಕೆ ಏನು ಪ್ರಾಯಶ್ಚಿತ್ತ ಎಂದು ನಮ್ಮ ಅರ್ಚಕರಿಗೂ ತಿಳಿದಿರಲಾರದು.

ಅಧಿಕಾರಿ ಒಳ್ಳೆಯವರೇ. ಕಾರ್ಖಾನೆಯ ಹೆಸರಿನಲ್ಲಿ ಕೊಟ್ಟ ಯಂತ್ರದಲ್ಲಿ ಕಳ್ಳ ಪ್ರತಿ ಇದ್ದರೆ ತಮಗೂ ತೊಂದರೆ ಎಂದು ಬಿಡಿಸಿ ಹೇಳಿದರು. ಮೂರು ವಾರದಲ್ಲಿ ಸರಿಯಾದ ಲೈಸೆನ್ಸ್ ತರಿಸಿ ಹಾಕಬೇಕು, ಮೂರನೆಯ ವಾರದ ಸೋಮವಾರ ಬಂದು ನೋಡುತ್ತೇನೆ, ಆಗಿರದಿದ್ದರೆ ಕುದೂರಿನ ಸಂಘವೊಂದು ಈ ಕಂಪ್ಯೂಟರುಗಳನ್ನು ಕೇಳುತ್ತಿದೆ, ಅಲ್ಲಿಗೆ ಕಳಿಸಬೇಕಾಗುತ್ತದೆ ಎಂದರು. ಕೊನೆಗೆ ದಾರಿಯನ್ನೂ ಅವರೇ ತೋರಿಸಿದರು. ನಿಮ್ಮಂಥ ಸಂಘಗಳಿಗೆ ದೊಡ್ಡ ಕಂಪನಿಗಳು ಸಾಫ್ಟ್‌ವೇರನ್ನು ದಾನವಾಗಿ ಕೊಡುತ್ತವೆ. ಕಾಗದಪತ್ರ ನೋಡಿ ಅದನ್ನು ಹಂಚುವುದಕ್ಕೆ ಬೆಂಗಳೂರಿನಲ್ಲಿ ಒಂದು ಕಚೇರಿ ಇದೆ. "ಬಿಟ್ಟಿಯಾ?" ಎಂದೆ. "ಪೂರ್ತಿ ಬಿಟ್ಟಿ" ಎಂದರು. ಆ ಸಂಜೆ ದೀಪದ ಮುಂದೆ ನನಗೆ ಹೇಳಿಕೊಳ್ಳಲು ಬೇಕಾದಷ್ಟಿತ್ತು.

ಪುಟ್ಟತಾಯಮ್ಮನವರಿಗೆ ಸುದ್ದಿ ಮುಟ್ಟಿಸಿದೆ. ಲೈಸೆನ್ಸ್ ಎಂಬ ಮಾತು ಕೇಳಿದ್ದೇ ಅವರು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಗೆ ಸರಿಸಿದರು. "ಲೈಸೆನ್ಸು ಅಂದ್ರೆ ಏನವ್ವ, ಬ್ರಾಂದಿ ಅಂಗ್ಡಿ ಇಕ್ಕೀರಾ?"

"ಅಲ್ಲ ಅಮ್ಮ, ಕಂಪ್ಯೂಟರಿಗೆ."

"ಅದ್ಯಾಕೆ, ಅದೇನು ರೋಡ್ನಾಗೆ ಓಡ್ತದಾ?"

ನನಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲವಾದ್ದರಿಂದ ಒಂದು ರುಜು ಹಾಕಿಸಿಕೊಂಡು ಎದ್ದು ಬಂದೆ.

ಅರ್ಜಿ ತುಂಬಲು ಶಮೀಮ್ ಜೊತೆಗೆ ಸೈಬರ್ ಕೆಫೆಗೆ ಹೋದೆ. ಕರೆಂಟು ಇತ್ತು, ಕುರ್ಚಿಯೂ ಎರಡಿದ್ದವು, ಅದೇ ಒಂದು ದಯೆ. ಮೊದಲ ಪುಟದಲ್ಲೇ ನಿಮ್ಮದು ಧಾರ್ಮಿಕ ಸಂಸ್ಥೆಯೇ, ಹೌದು ಅಥವಾ ಇಲ್ಲ ಎಂದಿತ್ತು. ಧಾರ್ಮಿಕ ಸಂಸ್ಥೆಗೆ ದಾನವಿಲ್ಲವಂತೆ. ದೇವರ ದಯೆಯನ್ನು ದಿನಾ ಲೆಕ್ಕ ಇಡುವವಳು, ಇಲ್ಲ ಎಂದು ಒತ್ತುವುದು ಹೇಗೆ. ಹೌದು ಎಂದರೆ ಕಂಪ್ಯೂಟರು ಕುದೂರಿಗೆ. ಶಮೀಮ್ ನನ್ನ ಮುಖ ನೋಡಿದಳು. "ಅಮ್ಮ, ಶುಕ್ರವಾರ ನೀವು ಭಜನೆಗೆ ಹೋಗ್ತೀರಿ, ನಾನು ಮನೇಲಿ ನಮಾಜಿಗೆ ಕೂರ್ತೀನಿ. ಕ್ಲಾಸು ಬಾಗ್ಲು ಹಾಕಿರ್ತದೆ. ಬಾಗ್ಲು ಹಾಕಿರೋದು ಎಂಗೆ ಧಾರ್ಮಿಕ ಸಂಸ್ಥೆ ಆಗ್ತದೆ?" ಎಂದು ನಾನು ಉತ್ತರ ಹುಡುಕುವುದರೊಳಗೆ 'ಇಲ್ಲ' ಒತ್ತಿಬಿಟ್ಟಳು. ನಾನು ಮನಸ್ಸಿನಲ್ಲೇ ಕೆನ್ನೆಗೆ ಬಡಿದುಕೊಂಡೆ.

ಆಮೇಲೆ ಬಂತು ಹೆಸರಿನ ಸಾಲು. ಮೊದಲ ಹೆಸರು, ಮಧ್ಯದ ಹೆಸರು, ಕೊನೆಯ ಹೆಸರು ಎಂದು ಮೂರು ಮನೆಗಳು. ನೋಂದಣಿ ಪತ್ರದಲ್ಲಿ ಹೇಗಿದೆಯೋ ಹಾಗೇ ಇರಬೇಕೆಂದು ಕೆಂಪಕ್ಷರದ ಎಚ್ಚರಿಕೆ ಬೇರೆ. ನಮ್ಮ ಕಡೆ ಸರ್ಕಾರಿ ಕಾಗದದಲ್ಲಿ ಮದುವೆಯಾದ ಹೆಂಗಸು ಒಂಟಿಯಾಗಿ ಇರುವುದಿಲ್ಲ. ಇಂಥವಳು ಕೋಂ ಇಂಥವರು ಎಂದೇ ಬರೆಯುತ್ತಾರೆ. ಕೋಂ ಎಂದರೆ ಇಂಥವರ ಹೆಂಡತಿ. ಹಾಗಾಗಿ ನಾನು ಪಾರ್ವತಮ್ಮ ಕೋಂ ಸೋಮಶೇಖರಯ್ಯ. ಶಮೀಮ್ ಮೂರು ಮಾತನ್ನೂ ನೋಡಿದಳು, ಮೂರು ಮನೆಯನ್ನೂ ನೋಡಿದಳು. ಹೇಳಿ ಮಾಡಿಸಿದ ಹಾಗೆ ಹೊಂದಿಕೊಂಡವು. ಮೊದಲ ಹೆಸರು ಪಾರ್ವತಮ್ಮ, ಮಧ್ಯದ ಹೆಸರು ಕೋಂ, ಕೊನೆಯ ಹೆಸರು ಸೋಮಶೇಖರಯ್ಯ. ಇಬ್ಬರಿಗೂ ಬಹಳ ಸಮಾಧಾನವಾಯಿತು.

ಈ ಹೆಸರನ್ನು ಇಲ್ಲಿ ಧಾರಾಳವಾಗಿ ಬರೆಯುತ್ತಿದ್ದೇನೆ. ಬರೆಯಲು ನನಗೆ ಅಡ್ಡಿಯಿಲ್ಲ. ಬಾಯಲ್ಲಿ ಹೇಳುವುದಿಲ್ಲ, ಅಷ್ಟೆ. ಗಂಡನ ಹೆಸರು ಹೇಳಿದರೆ ಅವರ ಆಯುಸ್ಸು ಸವೆಯುತ್ತದೆಂದು ನಮ್ಮಜ್ಜಿ ಹೇಳಿಕೊಟ್ಟದ್ದು. ಕಾಲ ಬದಲಾಗಿದೆ, ಈಗಿನವರು ಗಂಡನನ್ನು ನಾಯಿಮರಿ ಕರೆದ ಹಾಗೆ ಕರೆಯುತ್ತಾರೆ, ಎಲ್ಲ ಸರಿ. ಆದರೆ ಮೂವತ್ತು ವರ್ಷ ಹೇಳದೆ ಉಳಿಸಿಕೊಂಡು ಬಂದದ್ದನ್ನು ಈಗೇಕೆ ಪರೀಕ್ಷೆಗೆ ಒಡ್ಡಬೇಕು? ದೇವಸ್ಥಾನದ ಅರ್ಚಕರು ಸಂಕಲ್ಪ ಮಾಡುವಾಗ ತಾವೇ ಹೇಳಿಕೊಳ್ಳುತ್ತಾರೆ. ಗ್ಯಾಸಿನವನು ಬಂದರೆ ಪುಸ್ತಕ ತೋರಿಸುತ್ತೇನೆ. ನಮ್ಮವರ ಹೆಸರಿನ ಮೊದಲೆರಡು ಅಕ್ಷರ ವಾರದ ಹೆಸರಿನಲ್ಲೂ ಬರುವುದರಿಂದ ಮೂವತ್ತು ವರ್ಷದಿಂದ ನಾನು ಆ ವಾರವನ್ನೂ ಹೇಳಿಲ್ಲ. ಭಾನುವಾರದ ಮಾರನೆಯ ದಿನ ಎನ್ನುತ್ತೇನೆ. ಹಾಲಿನವಳಿಗೂ ಅದೇ ಅಭ್ಯಾಸವಾಗಿದೆ.

ಅರ್ಜಿ ಹಾಕಿ ವಾರವಾದ ಮೇಲೆ ಫೋನು ಬಂತು. ಪಡಸಾಲೆಯಲ್ಲೇ ಫೋನಿರುವುದರಿಂದ ತರಗತಿ ನಡೆಸುತ್ತಿದ್ದ ಶಮೀಮ್, ಆರು ಹುಡುಗಿಯರು ಎಲ್ಲರೂ ಕಿವಿ ಇತ್ತ ತಿರುಗಿಸಿದರು. ಬೆಂಗಳೂರಿನ ಆ ಕಚೇರಿಯ ಹುಡುಗಿ, ಮೃದುವಾದ ದನಿ. "ಮಿಸೆಸ್ ಕೋಂ ಮಾತಾಡ್ತಿರೋದಾ?"

"ಬರೀ ಕೋಂ ಅಲ್ಲಮ್ಮ, ಅದರ ಆಚೆ ಈಚೆ ಇಬ್ಬರಿದ್ದಾರೆ" ಎಂದೆ.

"ಸರಿ ಮೇಡಂ. ವೆರಿಫಿಕೇಶನ್ನಿಗೆ ಫೋನ್ ಮಾಡಿದ್ದೀನಿ. ನಿಮ್ಮ ಮೊದಲ ಹೆಸರು ಹೇಳಿ."

"ಪಾರ್ವತಮ್ಮ."

"ಕೊನೆಯ ಹೆಸರು?"

ನಾನು ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡೆ. "ಫಾರಂನಲ್ಲಿ ಬರೆದಿದೆಯಲ್ಲ ತಾಯಿ, ಓದ್ಕೊಳ್ಳಿ."

"ನಾನು ಓದೋ ಹಾಗಿಲ್ಲ ಮೇಡಂ, ನೀವೇ ಹೇಳ್ಬೇಕು."

"ಅದು ನಮ್ಮನೆಯವರ ಹೆಸರು."

"ಇರ್ಲಿ ಮೇಡಂ, ಹೇಳಿ."

ಶಮೀಮ್ ಮುಂದೆ ಬಂದು ಫೋನಿನ ಹತ್ತಿರ ಬಾಯಿ ತಂದು, "ನಾನು ಹೇಳ್ಲಾ ಮೇಡಂ?" ಎಂದಳು. ಅರ್ಜಿದಾರರೇ ಹೇಳಬೇಕು, ಬೇರೆಯವರು ಹೇಳಿದರೆ ನಡೆಯುವುದಿಲ್ಲ ಎಂದಿತು ಆ ಕಡೆಯ ದನಿ. ನಾನು ಸುತ್ತುದಾರಿ ಹಿಡಿದೆ. "ನೋಡಮ್ಮ, ಈಶ್ವರ ಇದ್ದಾನಲ್ಲ, ತಲೆ ಮೇಲೆ ಚಂದ್ರನನ್ನ ಇಟ್ಕೊಂಡಿರ್ತಾನಲ್ಲ, ಆ ಹೆಸರು."

"ಚಂದ್ರಶೇಖರಯ್ಯ ಅಂತಾನಾ?"

"ಹತ್ತಿರ ಬಂದ್ರಿ. ಅರ್ಥ ಅದೇ, ಮೊದಲಿನೆರಡು ಅಕ್ಷರ ಬೇರೆ."

"ಮ್ಯಾಚ್ ಆಗ್ತಿಲ್ಲ ಮೇಡಂ. ಮತ್ತೆ ಇನ್ನೊಂದು ಸಲ ಮಾತ್ರ ಕಾಲ್ ಮಾಡೋಕಾಗೋದು. ಯಾವಾಗ ಮಾಡ್ಲಿ?"

"ಬೇಗ ಮಾಡಿ. ಮುಂದಿನ ಭಾನುವಾರದ ಮಾರನೇ ದಿನದೊಳಗೆ ನಮಗೆ ಲೈಸೆನ್ಸ್ ಬೇಕು."

"ಸೋಮವಾರ ಅಂತಾನಾ?"

"ನೋಡಿ, ಈಗ ನೀವು ಹೇಳಿದ್ರಲ್ಲ, ಅದರಲ್ಲೇ ಅರ್ಧ ಇದೆ."

"ನಾನೇನು ಹೇಳ್ದೆ ಮೇಡಂ?" ಎಂದಳು ಪಾಪ, ಮತ್ತು ಫೋನು ಇಟ್ಟಳು. ಮರುದಿನ ಮೇಲ್ ಬಂತು. ಪ್ರೀತಿಯ ಕೋಂ ಅವರೇ, ನಿಮ್ಮ ವಿವರ ತಾಳೆಯಾಗಿಲ್ಲ, ಗುರುವಾರ ಮತ್ತೆ ಕರೆ ಮಾಡುತ್ತೇವೆ, ಆಗಲೂ ತಾಳೆಯಾಗದಿದ್ದರೆ ಅರ್ಜಿಯನ್ನು ಮುಚ್ಚಲಾಗುವುದು ಎಂದು ಅದರ ತಾತ್ಪರ್ಯ. ಶಮೀಮ್ ಓದಿ ಹೇಳುವಾಗ ಸೌಭಾಗ್ಯ ತನ್ನ ಬೆರಳು ನೋಡಿಕೊಂಡು ಕೂತಳು. ಅವಳು ಎರಡು ಮಾತು ಅಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಯಜಮಾನರಿಗೆ ಹೇಳಿದೆ. ಅವರು ಜಗಲಿಯ ಕುರ್ಚಿಯಲ್ಲಿ ನಗುತ್ತಾ, "ಹೇಳ್ಬಿಡೇ. ಮೂವತ್ತು ವರ್ಷ ಹೇಳ್ದೆ ಇದ್ದಿದ್ದಕ್ಕೆ ನನಗೇನು ಸಕ್ಕರೆ ಕಾಯಿಲೆ ಬರೋದು ತಪ್ಪಿತಾ?" ಎಂದರು.

"ತಪ್ಪದಿದ್ರೂ ಅಳತೆಯಲ್ಲಿದೆಯಲ್ಲ" ಎಂದೆ.

"ಅದು ಮಾತ್ರೆಯಿಂದ."

"ಮಾತ್ರೆ ಕೆಲಸ ಮಾಡೋದು ಯಾರಿಂದ ಅಂದ್ಕೊಂಡ್ರಿ?" ಇಂಥ ವಾದಗಳಲ್ಲಿ ನಾನು ಸೋಲುವುದಿಲ್ಲ. ಆದರೆ ಗೆದ್ದರೆ ಲೈಸೆನ್ಸ್ ಸಿಗುವುದಿಲ್ಲ ಎಂಬುದೇ ಕಷ್ಟ.

ಬಿಡುಗಡೆ ಸಿಕ್ಕಿದ್ದು ಪುಟ್ಟತಾಯಮ್ಮನವರಿಂದ. ಐವತ್ತು ವರ್ಷ ಗಂಡನ ಹೆಸರು ಹೇಳದೆ ಬಾಳಿದವರು, ನನ್ನನ್ನು ಬೈಯುತ್ತಾರೆಂದುಕೊಂಡು ಹೋಗಿದ್ದೆ. "ಅಯ್ಯೋ ದಡ್ಡಿ, ಮದ್ವೆ ಮನೇಲಿ ಹೊಸ್ಲು ತಡ್ದಾಗ ನೀನು ಎಂಗೆ ಹೇಳ್ದೆ?" ಎಂದರು. ಹೊಸದಾಗಿ ಮದುವೆಯಾಗಿ ಮನೆಗೆ ಬಂದ ಹೆಣ್ಣನ್ನು ಬಾಗಿಲಲ್ಲಿ ನಾದಿನಿಯರು ತಡೆದು ನಿಲ್ಲಿಸಿ, ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುವುದು ನಮ್ಮ ಶಾಸ್ತ್ರ. ಆಗ ಹೆಸರನ್ನು ಹಾಗೇ ಹೇಳುವ ಹಾಗಿಲ್ಲ. ಪ್ರಾಸ ಕಟ್ಟಿ, ಪದದೊಳಗೆ ಸೇರಿಸಿ ಹೇಳಬೇಕು. ಪದದಲ್ಲಿ ಸೇರಿದ ಹೆಸರಿಗೆ ದೋಷವಿಲ್ಲ. "ಅದೂ ಬಾಗ್ಲು ತಡೆಯೋದೇ, ಇದೂ ಬಾಗ್ಲು ತಡೆಯೋದೇ. ಒಸಿ ಪದ ಕಟ್ಟಿ ಹೇಳವ್ವ" ಎಂದು ಅಪ್ಪಣೆ ಕೊಟ್ಟರು. ಮದುವೆಯಲ್ಲಿ ಹೇಳಿದ ಪದ ನನಗೆ ಮರೆತೇಹೋಗಿತ್ತು. ಎರಡು ದಿನ ಸಾರು ಕುದಿಸುತ್ತಾ, ಬಟ್ಟೆ ಹಿಂಡುತ್ತಾ ಹೊಸದೊಂದು ಕಟ್ಟಿದೆ. ಆ ಎರಡು ದಿನದ ಸಾರಿನ ವಿಷಯ ಯಜಮಾನರನ್ನು ಕೇಳಬೇಡಿ.

ಗುರುವಾರ ಫೋನು ಬಂತು. ಪುಟ್ಟತಾಯಮ್ಮನವರು ಮುಂಚೆಯೇ ಬಂದು ಗೋಡೆಗೆ ಒರಗಿ ಕೂತಿದ್ದರು. ಹುಡುಗಿಯರು ಗುಂಡಿ ಒತ್ತುವುದನ್ನು ನಿಲ್ಲಿಸಿದರು. ಅದೇ ಮೃದು ದನಿ, ಅದೇ ಪ್ರಶ್ನೆ. ಕೊನೆಯ ಹೆಸರು? ನಾನು ಸೆರಗು ಸರಿಮಾಡಿಕೊಂಡು, ಎದ್ದು ನಿಂತು, ರಾಗವಾಗಿಯೇ ಹೇಳಿದೆ:

"ರಾಮನಗರದ ಗೂಡು, ಚನ್ನಪಟ್ಟಣದ ಗೊಂಬೆ,
ಸೋಮಶೇಖರಯ್ಯನವರ ಮಡದಿ ನಾನೆಂಬೆ."

ಈ ಕಡೆ ಪುಟ್ಟತಾಯಮ್ಮನವರು ಮೆಲ್ಲಗೆ, "ಗೂಡಿಗೂ ಗಂಡನಿಗೂ ಏನವ್ವ ಸಂಬಂಧ?" ಎಂದರು. ಪ್ರಾಸಕ್ಕೆ ಎಂದು ಕೈಸನ್ನೆ ಮಾಡಿದೆ.

"ಮೇಡಂ" ಎಂದಿತು ಫೋನು, "ಕೊನೆಯ ಹೆಸರು ಸೋಮಶೇಖರಯ್ಯನಾ, ಸೋಮಶೇಖರಯ್ಯನವರ ಮಡದಿನಾ?"

"ಮಡದಿ ಬಿಟ್ಟು ಓದ್ಕೊಳ್ಳಿ. ಮಡದಿಗೇ ಮಧ್ಯದಲ್ಲಿ ಕೋಂ ಅಂತ ಹಾಕಿರೋದು."

ಅರ್ಥವಾದದ್ದು ಆಗ. ಮೊದಲು ಒಂದು ಸಣ್ಣ ನಗು, ಆಮೇಲೆ ತಡೆಯಲಾಗದ ನಗು. "ನಮ್ಮಜ್ಜಿನೂ ಹೀಗೇ ಮೇಡಂ. ಮ್ಯಾಚ್ ಆಯ್ತು. ಇನ್ನೊಂದ್ಸಲ ಹೇಳ್ತೀರಾ? ನಮ್ಮ ಸೂಪರ್ವೈಸರ್ ಕೇಳ್ಬೇಕಂತೆ" ಎಂದಳು. ನಾನು ಇನ್ನೊಂದು ಸಲವೂ ಹೇಳಿದೆ. ಆಮೇಲೆ ಶಮೀಮ್ ಹೇಳಿದ ಪ್ರಕಾರ ಇಂಥ ಕಚೇರಿಗಳಲ್ಲಿ ಮಾತನ್ನೆಲ್ಲ ರೆಕಾರ್ಡ್ ಮಾಡಿ ಇಟ್ಟುಕೊಳ್ಳುತ್ತಾರಂತೆ. ಮೂವತ್ತು ವರ್ಷ ಗುಟ್ಟಾಗಿ ಕಾಪಾಡಿದ ಹೆಸರು ಬೆಂಗಳೂರಿನ ಯಾವುದೋ ಪೆಟ್ಟಿಗೆಯಲ್ಲಿ ನನ್ನದೇ ರಾಗದಲ್ಲಿ ಕೂತಿದೆ.

ಶನಿವಾರ ಕೊರಿಯರಿನಲ್ಲಿ ಸೀಡಿ ಬಂತು. ಹಾಕುವಾಗ ಬೇಕಾದ ಉದ್ದನೆಯ ಅಂಕಿ ಅಕ್ಷರಗಳ ಸರವನ್ನು ನಾನೇ ಓದಿ ಹೇಳಿದೆ. ಅದರಲ್ಲಿ ಯಾರ ಗಂಡನ ಹೆಸರೂ ಇರಲಿಲ್ಲವಾದ್ದರಿಂದ ಗಟ್ಟಿಯಾಗಿಯೇ ಓದಿದೆ. ಆದರೆ ದಾನಪತ್ರದಲ್ಲಿ ಸಂಬೋಧನೆ ಕೊನೆಯ ಹೆಸರಿಗೆ ಇತ್ತು: ಮಾನ್ಯ ಸೋಮಶೇಖರಯ್ಯನವರೇ, ನಿಮ್ಮ ಸಮಾಜಸೇವೆ ಶ್ಲಾಘನೀಯ. ಪತ್ರದಲ್ಲಿದ್ದ ಹಾಗೇ ಶಮೀಮ್ ನಾಲ್ಕು ಯಂತ್ರಗಳಲ್ಲೂ ಅದೇ ಹೆಸರು ಹಾಕಿದಳು. ಭಾನುವಾರದ ಮಾರನೆಯ ದಿನ ಅಧಿಕಾರಿ ಬಂದರು, ಪರದೆಯ ಮೇಲೆ ಹೆಸರು ನೋಡಿದರು, ಇವರು ಯಾರು ಎಂದು ಕೇಳಿದರು. ನಾನು ಗಲ್ಲದಲ್ಲೇ ಜಗಲಿ ತೋರಿಸಿದೆ. ಅಂದು ರಜೆ ಹಾಕಿ ಮನೆಯಲ್ಲಿದ್ದ ಯಜಮಾನರ ಕೈಕುಲುಕಿ, "ಸಾರ್, ಬಹಳ ಶ್ರಮ ತಗೊಂಡಿದ್ದೀರಿ" ಎಂದರು. ಇವರು ಅದನ್ನು ಒಂದು ಚೂರೂ ಅಲ್ಲಗಳೆಯದೆ ಸ್ವೀಕರಿಸಿದರು. ಕಂಪ್ಯೂಟರುಗಳು ನಮ್ಮಲ್ಲೇ ಉಳಿದವು. ಈಗ ತರಗತಿಯಲ್ಲಿ, "ಮೂರ್ನೇ ಸೋಮಶೇಖರಯ್ಯ ಎದ್ದೇಳ್ತಾ ಇಲ್ಲ ಕಣಕ್ಕ" ಎಂದು ಹುಡುಗಿಯರು ಶಮೀಮ್‌ಗೆ ದೂರು ಹೇಳುತ್ತಾರೆ. "ಎದ್ದಿದ್ದೀನಲ್ಲ, ಏನಾಗ್ಬೇಕಿತ್ತು?" ಎಂದು ಜಗಲಿಯಿಂದ ಉತ್ತರ ಬರುತ್ತದೆ.

ಪರೀಕ್ಷೆಯಲ್ಲಿ ಇಬ್ಬರು ತೇರ್ಗಡೆಯಾದರು. ಒಬ್ಬಳು ಸೌಭಾಗ್ಯ. ಕೆಲಸಕ್ಕೆ ಸೇರುವ ಫಾರಂ ಹಿಡಿದುಕೊಂಡು ನಮ್ಮ ಮನೆಗೇ ಬಂದಳು, ತುಂಬುವಾಗ ನಾನು ಪಕ್ಕದಲ್ಲಿರಬೇಕಂತೆ. ಕೊನೆಯ ಹೆಸರಿನ ಮನೆಗೆ ಬಂದಾಗ ಪೆನ್ನು ನಿಲ್ಲಿಸಿದಳು. ಅನುಭವಸ್ಥಳಾದ ನಾನು, "ಅಪ್ಪನ ಹೆಸರು ಹಾಕಮ್ಮ" ಎಂದೆ.

"ಅಪ್ಪನ್ದು ಹಾಕುದ್ರೆ ನಾಳೆ ಮದ್ವೆ ಆದ್ಮೇಲೆ ಇನ್ನೊಬ್ರದ್ದು ಹಾಕು ಅಂತಾರೆ. ಆಮೇಲೆ ಫೋನ್ ಮಾಡಿ ಕೇಳ್ತಾರೆ. ಪದ ಕಟ್ಟಕ್ಕೆ ನಂಗೆ ಬರಾಕಿಲ್ಲ ಕಣಮ್ಮ. ಎಲ್ಡೂ ಕಡೆ ನಾನೇ ಇದ್ಬುಡ್ತೀನಿ" ಎಂದು ಮೊದಲ ಹೆಸರು ಸೌಭಾಗ್ಯ, ಕೊನೆಯ ಹೆಸರು ಸೌಭಾಗ್ಯ ಎಂದು ಬರೆದಳು. ಮಧ್ಯದ ಮನೆಗೆ ಒಂದು ಗೀಟು ಎಳೆದಳು. ಹಾಗೆಲ್ಲ ಬರೆದರೆ ಕಾರ್ಖಾನೆಯವರು ಒಪ್ಪುತ್ತಾರೋ ಇಲ್ಲವೋ ಎಂದೆ. ಕಾರ್ಖಾನೆಯವರು ಮಾತಿಲ್ಲದೆ ಒಪ್ಪಿದರು. ಅವಳ ಗುರುತಿನ ಚೀಟಿಯಲ್ಲಿ ಹಾಗೇ ಅಚ್ಚಾಗಿದೆ.

ಅವಳು ಬಸ್ಸಿಗೆ ಹೋದ ಮೇಲೆ ಅಡುಗೆಮ‌ನೆಯಲ್ಲಿ ಅಕ್ಕಿ ಆರಿಸುತ್ತಾ ಕೂತೆ. ಕೇಳಲು ಹೇಗಿರುತ್ತದೋ ನೋಡೋಣ ಎನ್ನಿಸಿತು. ಆಚೆ ಈಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಪಾರ್ವತಮ್ಮ ಪಾರ್ವತಮ್ಮ ಎಂದೆ. ಬಾಯಿಗೆ ಚೆನ್ನಾಗಿ ಕೂತಿತು. ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ ಹೇಳಿದೆ.

"ಯಾರೇ ಅದು, ನಿನ್ನ ಕೂಗ್ತಿರೋದು?" ಎಂದು ಯಜಮಾನರು ಜಗಲಿಯಿಂದ ಕೇಳಿದರು.

ಯಾರೂ ಇಲ್ಲ, ನಾನೇ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಎದ್ದು ಹಿತ್ತಲ ಬಾಗಿಲವರೆಗೂ ಹೋಗಿ ನೋಡಿ ಬಂದರು.